ಹಳೆಗಾರಿನ ವೈದ್ಯರು

ರೋಗವು ವಾಸಿಯಾಗುವುದಕ್ಕಿಂತ ಅದರ ನಿದಾನವಿಚಾರದಲ್ಲಿಯೇ ಹೆಚ್ಚು ಸುಖವನ್ನು ಕಾಣುವ ಒಂದು ವರ್ಗದ ಜನ ಲೋಕದಲ್ಲಿ ಉಂಟು; ಇಂಗ್ಲೆಂಡಿನಲ್ಲಿ ಅಂಥವರ ದರ್ಶನವಾಗಬೇಕಾದರೆ ಭಾನುವಾರದ ಬೆಳಗ್ಗೆ ಬೀದಿಗಿಳಿದು, ಯಾವುದಾದರೊಂದು ಹಳೆಯ ಕಾರಿನ ಅಡಿಯಿಂದ ಹೊರಗೆ ಚಾಚಿಕೊಂಡಿರುವ ಎರಡು ಕಾಲುಗಳನ್ನು ಅರಸಿದರೆ ಸಾಕು. ಕಾವೆಂಟ್ರಿಯಲ್ಲಿ ನಮ್ಮ ಮನೆಯ ಪಕ್ಕದಲ್ಲಿಯೇ ಅಂಥ ಮಹನೀಯರೊಬ್ಬರಿದ್ದಾರೆ. ನಿವೃತ್ತ ಉಪಾಧ್ಯಾಯರು, ಮಿತಭಾಷಿಗಳು, ಮಳೆಯ ವಿಚಾರದಲ್ಲಿ ಕೂಡ ಎರಡನೆಯ ವಾಕ್ಯವನ್ನು ಆಡದವರು. ಆದರೆ ಇದೇ ಊರಿನ ಕ್ಯಾನ್ಲಿ ಕಾರ್ಖಾನೆಯಲ್ಲಿ ಜನ್ಮ ತಾಳಿದ ಅವರ ಟ್ರಯಂಫ್ ಟಿಆರ್4 ಕಾರಿನ ಓವರ್‌ಡ್ರೈವ್ ತಡವಾಗಿ ಹಿಡಿಯುತ್ತದೆಂಬ ಪ್ರಸ್ತಾಪ ಬಂದರೆ ಸಾಕು, ಅವರ ವಾಗ್ಝರಿಯನ್ನು ತಡೆಯುವವರಿಲ್ಲ.

ಓವರ್‌ಡ್ರೈವ್ ಎಂದರೇನೆಂದು ಅರಿಯದ ಪುಣ್ಯವಂತರಿಗಾಗಿ ಎರಡು ಮಾತು. ಡಿ ನಾರ್ಮನ್‌ವಿಲ್ ಎಂಬ ಕಲ್ಪಕರು ರೂಪಿಸಿ, ಶೆಫೀಲ್ಡಿನ ಲೇಕಾಕ್ ಸಂಸ್ಥೆಯವರು ತಯಾರಿಸಿದ ಈ ಯಂತ್ರವು ಗೇರ್‌ಬಾಕ್ಸಿನ ಬಾಲಕ್ಕೆ ಅಂಟಿಕೊಂಡಿರುತ್ತದೆ. ಸ್ಟಿಯರಿಂಗಿನ ಬಳಿಯ ಸಣ್ಣ ಕಡ್ಡಿಯನ್ನು ತಟ್ಟಿದೊಡನೆ ಸೊಲೆನಾಯ್ಡ್ ಒಂದು ಲಿವರನ್ನು ಎಳೆಯುತ್ತದೆ, ಕವಾಟ ತೆರೆಯುತ್ತದೆ, ಒತ್ತಡದ ಎಣ್ಣೆಯು ಪಿಸ್ಟನ್‌ಗಳನ್ನು ನೂಕುತ್ತದೆ, ಶಂಕುವಿನಾಕಾರದ ಕ್ಲಚ್ಚು ಸರಿದು ನಡುವಿನ ಗೇರನ್ನು ಹಿಡಿದು ನಿಲ್ಲಿಸುತ್ತದೆ. ಎಂಜಿನ್ ಮೆಲ್ಲಗೆ ಉಸಿರಾಡುತ್ತಿರಲು ಚಕ್ರಗಳು ಮಾತ್ರ ವೇಗವಾಗಿ ಓಡುತ್ತವೆ. ಇಷ್ಟೆಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯತಕ್ಕದ್ದು. ನಮ್ಮವರ ಕಾರಿನಲ್ಲಿ ಮುಗಿಯುವುದಿಲ್ಲ.

ಏತಕ್ಕೆ ಮುಗಿಯುವುದಿಲ್ಲವೆಂಬುದೇ ಅವರ ಜೀವನದ ಮಹಾಪ್ರಶ್ನೆ. ಪಂಪು ಸವೆದಿರಬಹುದು, ಜರಡಿ ಕಟ್ಟಿಕೊಂಡಿರಬಹುದು, ಎಣ್ಣೆಯ ಒತ್ತಡವನ್ನು ಕೂಡಿಡುವ ಅಕ್ಯುಮುಲೇಟರಿನ ಪಿಸ್ಟನ್ ರಿಂಗು ಮುರಿದಿರಬಹುದು, ಹಿಂದಿನ ಒಡೆಯನಾವನೋ ಜಾರಿಕೆ ಹೆಚ್ಚಿಸುವ ಔಷಧಿಯನ್ನು ಎಣ್ಣೆಗೆ ಬೆರೆಸಿ ಕ್ಲಚ್ಚಿನ ಹಿಡಿತವನ್ನೇ ಕೆಡಿಸಿರಬಹುದು. ಎಂಜಿನ್ ತಣ್ಣಗಿರುವಾಗ ಚೆನ್ನಾಗಿ ಹಿಡಿದು, ಬಿಸಿಯಾದ ಮೇಲೆ ತಡಮಾಡಿದರೆ, ಎಣ್ಣೆ ತೆಳುವಾಗಿ ಒತ್ತಡ ಎಲ್ಲಿಯೋ ಸೋರುತ್ತಿದೆಯೆಂದು ಅರ್ಥವಂತೆ. ಈ ಶಾಸ್ತ್ರವನ್ನು ನಾನು ಕೇಳಿ ಕಲಿತವನಲ್ಲ, ಕೇಳಲೇಬೇಕಾಗಿ ಬಂದು ಕಲಿತವನು.

ಕೇಳುವುದರಲ್ಲಿಯೇ ಪಾರಾಗಿದ್ದರೆ ಈ ಲೇಖನ ಹುಟ್ಟುತ್ತಿರಲಿಲ್ಲ. ಲಿವರಿನ ಹೊಂದಿಕೆಯನ್ನು ಪರೀಕ್ಷಿಸಲು ಇಬ್ಬರು ಬೇಕು. ಸ್ಪ್ಯಾನರಿಗೂ ಸೌಟಿಗೂ ಅಷ್ಟೇನೂ ಭೇದವನ್ನು ಕಾಣದ ನಾನು ಒಳಗೆ ಕುಳಿತು, ಎಂಜಿನ್ ನಿಂತಿರುವಂತೆಯೇ ಇಗ್ನಿಷನ್ ಹಾಕಿ, ಗೇರನ್ನು ನಾಲ್ಕಕ್ಕೆ ತಳ್ಳಿ, ಅಪ್ಪಣೆಗಾಗಿ ಕಾಯಬೇಕು. ಅವರು ಅಡಿಯಲ್ಲಿ ಅಂಗಾತ ಮಲಗಿ, ಒಂದಂಗುಲದ ಹದಿನಾರರಲ್ಲಿ ಮೂರು ಪಾಲು ದಪ್ಪದ ಡ್ರಿಲ್ ಬಿಟ್ಟನ್ನು ಲಿವರಿನ ರಂಧ್ರದ ಮೂಲಕ ಹಿಂದಿನ ಕವಚದ ರಂಧ್ರಕ್ಕೆ ಪೋಣಿಸಲು ನೋಡುವರು. “ಹಾಕಿ!” ಎಂದು ನೆಲದಿಂದ ಕೂಗು, ನಾನು ಕಡ್ಡಿ ತಟ್ಟುವೆನು, ಟಕ್ ಎಂದು ಸದ್ದಾಗುವುದು. “ತೆಗೆಯಿರಿ, ತೆಗೆಯಿರಿ, ಸುಟ್ಟುಹೋದೀತು!” ಎಂದು ಮರುಕ್ಷಣವೇ ಆರ್ತನಾದ. ಲಿವರು ಪೂರ್ತಿ ಚಲಿಸದಿದ್ದರೆ ಸೊಲೆನಾಯ್ಡಿನ ದೊಡ್ಡ ಸುರುಳಿಗೆ ವಿದ್ಯುತ್ತು ಹರಿಯುತ್ತಲೇ ಇದ್ದು ಅದು ದಗ್ಧವಾಗುವುದೆಂಬುದು ನಿಜವೇ. ಆದರೆ ಹಾದಿಯಲ್ಲಿ ನಾಯಿಯನ್ನು ನಡೆಸಿಕೊಂಡು ಹೋಗುವವರಿಗೆ ಇದು ತಿಳಿದಿರುವುದಿಲ್ಲವಾಗಿ, ಅವರು ನನ್ನನ್ನು ನೋಡುವ ನೋಟದಲ್ಲಿ, ಮುದುಕರೊಬ್ಬರನ್ನು ಪೀಡಿಸುತ್ತಿರುವ ದುರುಳನ ಚಿತ್ರವೇ ಮೂಡಿರುತ್ತದೆ.

ಓವರ್‌ಡ್ರೈವನ್ನು ಬಿಚ್ಚಿ ನೋಡಬೇಕಾದರೆ ಈ ಕಾರಿನ ಗೇರ್‌ಬಾಕ್ಸನ್ನು ಕೆಳಗಿನಿಂದಲ್ಲ, ಆಸನಗಳನ್ನೂ ನಡುವಿನ ಮುಚ್ಚಳವನ್ನೂ ತೆಗೆದು ಒಳಗಿನಿಂದಲೇ ಹೊರತರಬೇಕು. ಆ ಉತ್ಸವವಿದ್ದ ವಾರದಲ್ಲಿ ನಾನು ಊರಿನಲ್ಲಿರದಂತೆ ನೋಡಿಕೊಂಡೆನು.

ಇಷ್ಟಾದರೂ ಅವರೊಡನೆ ವಾರ್ವಿಕ್ ಕಡೆಗೆ ಹೋಗುವುದೆಂದರೆ ನನಗೆ ಇಷ್ಟವೇ. ಗಂಟೆಗೆ 50 ಮೈಲಿಯ ವೇಗ ಬಂದಾಗ ಅವರು ಕಡ್ಡಿಯನ್ನು ತಟ್ಟಿ, “ಈಗ ಎಣಿಸಿ” ಎನ್ನುವರು. ನಾನು ಎಣಿಸುತ್ತೇನೆ. ಅವರು ಕತ್ತನ್ನು ತುಸು ಓರೆಮಾಡಿ ಆಲಿಸುವರು. ಈ ಯಂತ್ರವನ್ನು ಕೈಯಾರೆ ಜೋಡಿಸಿದವರಲ್ಲಿ ಎಷ್ಟೋ ಮಂದಿ ಇಂದಿಲ್ಲ, ಉಳಿದವರ ಜ್ಞಾನವೂ ಅವರೊಡನೆ ಹೋಗಿಬಿಡುವಂಥದು, ಹೀಗೆ ಕಿವಿಗೊಟ್ಟು ಕೇಳುವವರಾದರೂ ಇರಬೇಕಲ್ಲ ಎಂದು ನನಗೂ ಆಗ ತೋರುತ್ತದೆ. ಅಷ್ಟರಲ್ಲಿ ಎಂಜಿನ್ನಿನ ಸ್ವರ ಇಳಿಯುತ್ತದೆ. “ಎಷ್ಟಾಯಿತು?” ಎನ್ನುವರು. “ಮೂರು” ಎಂದರೆ ಸಂತೋಷ. ಒಮ್ಮೆ ದಾಕ್ಷಿಣ್ಯಕ್ಕಾಗಿ “ಒಂದೇ” ಎಂದೆನು. ಮುಖ ಸಪ್ಪಗಾಗಿ ಮನೆ ಮುಟ್ಟುವವರೆಗೂ ಮಾತಾಡಲಿಲ್ಲ.

ಇಂಥ ವಿಳಂಬಕ್ಕೆ ಮೊದಲು ನೋಡಬೇಕಾದದ್ದು ಗೇರ್‌ಬಾಕ್ಸಿನ ಎಣ್ಣೆಯ ಮಟ್ಟವೆಂದು ಎಲ್ಲರೂ ಹೇಳುತ್ತಾರೆ; ಓವರ್‌ಡ್ರೈವಿಗೂ ಗೇರ್‌ಬಾಕ್ಸಿಗೂ ಎಣ್ಣೆ ಒಂದೇ, ಪಕ್ಕದ ಬಿರಡೆಯೊಂದನ್ನು ಬಿಚ್ಚಿದರೆ ತಿಳಿಯುವ ಸಂಗತಿ. ಆ ಬಿರಡೆಯನ್ನು ಬಿಚ್ಚಿದ್ದನ್ನು ನಾನು ಈವರೆಗೆ ಕಂಡಿಲ್ಲ. ವಾಚಕರಲ್ಲಿ ಯಾರಾದರೂ ಕಾವೆಂಟ್ರಿಗೆ ಬಂದಾಗ ದಯಮಾಡಿ ಈ ಮಾತನ್ನು ಅವರ ಕಿವಿಗೆ ಹಾಕಿರಿ. ನಾನು ಪಕ್ಕದ ಮನೆಯಲ್ಲಿ ಬಾಳಬೇಕಾದವನು.