ಇನ್ನೂರು ಗ್ರಾಂ ಸಾಧನೆ

(ವಿಜಯನಗರ, ಬೆಳಗ್ಗೆ ಏಳು. ಯಜಮಾನರು ಬನಿಯನ್ನನ್ನೂ ಕಳಚಿ, ಉಸಿರು ಬಿಗಿಹಿಡಿದು ತೂಕದ ಮಿಷನ್ ಮೇಲೆ ನಿಂತಿದ್ದಾರೆ. ಉಸಿರಿಗೂ ತೂಕವಿದೆ ಅನ್ನೋದು ಅವರ ನಂಬಿಕೆ.)

ಯಜಮಾನರು: ಇನ್ನೂರು ಗ್ರಾಂ ಇಳಿದೆ ಕಣೇ!

ಮನೆಯಾಕೆ: ಉಡಿದಾರ ಬಿಚ್ಚಿಟ್ರೆ ಇನ್ನೂ ಇಳೀತೀರಿ. ರೀ, ಗ್ಯಾಸ್ ಬಂದಿದೆ, ಒಳಗೆ ತಂದಿಡಿ.

ಯಜಮಾನರು: ಗ್ಯಾಸೇ 14.2 ಕೆಜಿ, ಕಬ್ಬಿಣ ಸೇರಿದ್ರೆ ಮೂವತ್ತರ ಹತ್ರ! ನನ್ನ ಗುರಿ ತೂಕ ಇಳಿಸೋದು, ಎತ್ತೋದಲ್ಲ.

ಮನೆಯಾಕೆ: ಅದಕ್ಕೇ ಬಸವೇಶ್ವರನಗರದ ಗೃಹಪ್ರವೇಶದಲ್ಲಿ ಪಂಕ್ತಿಯಿಂದ ನಿಮ್ಮನ್ನ ಎಬ್ಬಿಸೋಕೆ ಭಟ್ಟರು ಪಾಯಸದ ಬಕೆಟ್ ಕೆಳಗಿಟ್ಟು ಬಂದ್ರು.

ಯಜಮಾನರು: ಅದು ಹೋಳಿಗೆ ಭಾರ.

ಮನೆಯಾಕೆ: ಬರೀ ಉಪವಾಸ ಮಾಡಿದ್ರೆ ಕೊಬ್ಬಿನ ಜತೆ ಸ್ನಾಯೂನೂ ಕರಗುತ್ತೆ. ಮಿಷನ್‌ಗೆ ಎರಡೂ ಒಂದೇ. ವಾರಕ್ಕೆ ಎರಡು ದಿನವಾದ್ರೂ ಸ್ನಾಯು ಗಟ್ಟಿಮಾಡೋ ವ್ಯಾಯಾಮ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೇನೇ ಹೇಳುತ್ತೆ. ಯುಗಾದಿಯೊಳಗೆ ಕೈಯೂರದೆ ನೆಲದಿಂದ ಏಳಬೇಕು, ಏದುಸಿರಿಲ್ಲದೆ ಮೆಟ್ರೋ ಮೆಟ್ಟಿಲು ಹತ್ತಬೇಕು. ಇಂಥ ಗುರಿ ಇಟ್ಕೊಳ್ಳಿ.

ಯಜಮಾನರು: ಮೆಟ್ರೋದಲ್ಲಿ ಲಿಫ್ಟ್ ಇದೆಯಲ್ಲ!

ಮನೆಯಾಕೆ: ಅದು ವಯಸ್ಸಾದವರಿಗೆ.

ಯಜಮಾನರು: ಯಾರಿಗೆ ವಯಸ್ಸಾಗಿರೋದು? ಎಲ್ಲಿ, ಆ ಸಿಲಿಂಡರ್ ತೋರ್ಸು! (ಬಗ್ಗುತ್ತಾರೆ. ಹಾಗೇ ನಿಲ್ಲುತ್ತಾರೆ.) ಲೇ... ಪಕ್ಕದ್ಮನೆ ಹುಡುಗ ಎದ್ದಿದಾನಾ ನೋಡು.

ಮನೆಯಾಕೆ: ಸಿಲಿಂಡರ್ ಎತ್ತೋಕಾ?

ಯಜಮಾನರು: ಮೊದಲು ನನ್ನ ಎತ್ಲಿ.