ಅಡ್ಜಸ್ಟ್ ಮೀಮಾಂಸೆ: ಕಪಿಲಾ ತೀರದ ರಾಜಿಶಾಸ್ತ್ರಕ್ಕೊಂದು ಪ್ರವೇಶಿಕೆ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಜಗಳ ಕನ್ನಡದಲ್ಲಿ ಹುಟ್ಟಿ, ಕನ್ನಡದಲ್ಲೇ ಬೆಳೆದು, ಇಂಗ್ಲಿಷಿನಲ್ಲಿ ಕಣ್ಣುಮುಚ್ಚುತ್ತದೆ. ಬದು ಒತ್ತಿದ್ದು, ನಾಲೆ ನೀರು ತಿರುಗಿಸಿಕೊಂಡದ್ದು, ಬೀಗರ ಪಂಕ್ತಿಗೆ ಎಲೆ ಹಾಕುವುದು ತಡವಾದದ್ದು, ಇವಕ್ಕೆಲ್ಲ ಬೇಕಾದ ಬೈಗುಳವನ್ನು ಅಚ್ಚಗನ್ನಡವೇ ಧಾರಾಳವಾಗಿ ಒದಗಿಸುತ್ತದೆ. ಆದರೆ ಅರಳಿಕಟ್ಟೆಯ ಹಿರಿಯರು ಎಲೆಅಡಿಕೆ ಉಗಿದು ಬಾಯಿ ತೆರೆದರೆ ಹೊರಬೀಳುವುದು, ‘ಹೋಗ್ಲಿ ಬುಡಣ್ಣ, ಇಬ್ಬರೂ ಒಸಿ ಅಡ್ಜಸ್ಟ್ ಮಾಡ್ಕಂಡು ಕಾಂಪ್ರಮೈಸ್ ಆಗ್ಬುಡಿ.’ ಗಾಡಿ ಕನ್ನಡದ್ದು, ಹೇರಿದ ಮೂಟೆ ಎರಡೂ ಇಂಗ್ಲಿಷಿನವು. ಏಕೆ ಹೀಗೆ ಎಂಬುದೇ ಪ್ರಕೃತ ಮೀಮಾಂಸೆಯ ವಿಷಯ.

ಸಿದ್ಧಾಂತ ಇಷ್ಟು: ಕನ್ನಡದಲ್ಲಿ ಸೋಲೊಪ್ಪಬೇಕಾದರೆ ಯಾವುದಾದರೊಂದು ಅಂಗ ನೋಯಲೇಬೇಕು. ತಲೆ ತಗ್ಗಿಸಬೇಕು, ಕೈ ಮುಗಿಯಬೇಕು, ಮಂಡಿಯೂರಬೇಕು, ಕಾಲಿಗೆ ಬೀಳಬೇಕು. ಒಲಿಸಹೊರಟವನ ಮರ್ಯಾದೆಯೂ ಉಳಿಯದು. ಅವನು ಕಿವಿ ಊದಿದ, ತಲೆ ಸವರಿದ, ಮೂಗಿಗೆ ತುಪ್ಪ ಹಚ್ಚಿದ ಎಂದೇ ಊರು ಆಡಿಕೊಳ್ಳುತ್ತದೆ. ‘ಕನ್ವಿನ್ಸ್ ಮಾಡಿದ’ ಎಂದರೋ, ಕಿವಿ, ತಲೆ, ಮೂಗು ಮೂರೂ ಸ್ವಸ್ಥಾನದಲ್ಲಿ ಕ್ಷೇಮ. ‘ತಪ್ಪಾಯ್ತು’ ಎನ್ನಲು ಮೂರು ತಲೆಮಾರಿನ ಗಂಟಲು ಕಟ್ಟುತ್ತದೆ; ‘ಸಾರಿ’ಗೆ ಅರ್ಧ ಉಸಿರು ಸಾಕು. ನಂಜನಗೂಡಿನ ಸ್ಥಳಪುರಾಣವೂ ಇದಕ್ಕೆ ಸಾಕ್ಷಿ. ದೇವಾಸುರರ ಜಂಟಿ ವ್ಯವಹಾರದಲ್ಲಿ ಹಾಲಾಹಲ ಎದ್ದಾಗ ಇಂಗ್ಲಿಷ್ ಇರಲಿಲ್ಲ. ಆದ್ದರಿಂದ ಮಧ್ಯೆ ಬಂದ ಶಿವನೇ ವಿಷ ನುಂಗಿ ಕಂಠ ಕಪ್ಪಾಗಿಸಿಕೊಳ್ಳಬೇಕಾಯಿತು. ನಂಜುಂಡನೆಂಬ ಹೆಸರಲ್ಲೇ ವಿಷವಿದೆ, ಶ್ರೀಕಂಠನೆಂಬ ಹೆಸರಲ್ಲೇ ಅಂಗವಿದೆ. ಎರಡು ಕಡೆಯವರು ಕ್ಷೇಮ, ಪಂಚಾಯ್ತಿ ಮಾಡಿದವನ ಗಂಟಲಿಗೆ ಗಂಡಾಂತರ: ಈ ನಿಯಮ ಇಂದಿಗೂ ಜಾರಿಯಲ್ಲಿದೆ.

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ: ‘ರಾಜಿ’ ಎಂಬ ಮಾತಿಲ್ಲವೇ, ಅದಕ್ಕೆ ಯಾವ ಅಂಗ ನೋಯುತ್ತದೆ? ಉತ್ತರ: ರಾಜಿ ಅರಬ್ಬಿಯಿಂದ ಬಂದದ್ದು. ತಕರಾರೂ ಅಲ್ಲಿಯದೇ; ಅಲ್ಲಿ ಅದಕ್ಕೆ ‘ಹೇಳಿದ್ದನ್ನೇ ಹೇಳುವುದು’ ಎಂದರ್ಥ. ಬದುವಿನ ಜಗಳ ಒಮ್ಮೆ ಕೇಳಿದವರಿಗೆ ಈ ವ್ಯುತ್ಪತ್ತಿಗೆ ಬೇರೆ ಪ್ರಮಾಣ ಬೇಡ. ಅಂದಮೇಲೆ ಶಾಂತಿ ಈ ನಾಡಿಗೆ ಹಿಂದಿನಿಂದಲೂ ಆಮದು ಸರಕು. ಆದರೆ ರಾಜಿ ಇಲ್ಲಿ ಬಹುಕಾಲ ನೆಲೆಸಿ, ಛಾಪಾಕಾಗದ ಹತ್ತಿ, ರಾಜಿಪತ್ರವಾಗಿ ಹೆಬ್ಬೆಟ್ಟು ಕೇಳತೊಡಗಿತು. ಹೆಬ್ಬೆಟ್ಟೂ ಅಂಗವೇ ತಾನೆ? ಸರ್ಕಾರಕ್ಕೂ ಈ ಸೂಕ್ಷ್ಮ ತಿಳಿದಿದ್ದಿರಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ರಾಜಿಯಾದದ್ದರ ಮೇಲೆ ಅಪೀಲಿಲ್ಲ, ಕೋರ್ಟ್ ಫೀಸೂ ವಾಪಸ್ಸು. ಅಂಥ ಏರ್ಪಾಟಿಗೆ ಅರ್ಧ ಸಂಸ್ಕೃತ, ಅರ್ಧ ಅರಬ್ಬಿಯ ‘ಲೋಕ್ ಅದಾಲತ್’ ಎಂಬ ಹೆಸರಿಟ್ಟು, ಯಾರ ಮನೆಮಾತೂ ಅಲ್ಲದ ಮಾತಿನಲ್ಲೇ ಸಂಧಾನ ಕುದುರುತ್ತದೆಂಬ ನಮ್ಮ ಮತಕ್ಕೆ ಮುದ್ರೆ ಒತ್ತಿದೆ.

ಎರಡನೆಯ ಆಕ್ಷೇಪ ಲ್ಯಾಟಿನ್ ಬಲ್ಲವರದು; ಇದು ಗಟ್ಟಿ. ಕನ್ವಿನ್ಸ್‌ನ ಬೇರಿನಲ್ಲಿರುವುದು ‘ಪೂರ್ತಿ ಗೆಲ್ಲು’. ಕಾಂಪ್ರಮೈಸ್‌ನಲ್ಲಿರುವುದು, ಮೂರನೆಯವನ ತೀರ್ಪಿಗೆ ಬದ್ಧರೆಂದು ಇಬ್ಬರೂ ಕೂಡಿ ಕೊಟ್ಟ ಭಾಷೆ. ‘ನಾನು ಕನ್ವಿನ್ಸ್ ಆದೆ ಕಣಪ್ಪ’ ಎಂದು ಮೀಸೆ ತಿರುವುವವನು ತನ್ನ ಸಂಪೂರ್ಣ ಪರಾಜಯವನ್ನೇ ಸಾರುತ್ತಿದ್ದಾನೆ ಎಂದಾಯಿತು. ಒಪ್ಪಿದೆ. ಆದರೆ ಗಾಯವಿಲ್ಲದ ಮಾತೇ ಬೇಕೆಂದು ನಾವೆಲ್ಲಿ ಹೇಳಿದೆವು? ಗಾಯ ಕಾಣದಿದ್ದರೆ ಸಾಕು. ತಿರುಮಕೂಡಲಿನಲ್ಲಿ ಕಣ್ಣಿಗೆ ಬೀಳುವ ನದಿಗಳು ಎರಡೇ, ಕಾವೇರಿ ಮತ್ತು ಕಪಿಲೆ. ಮೂರನೆಯದಾದ ಸ್ಫಟಿಕ ಸರೋವರ ಕಾಣದು. ಆದರೂ ಅದು ತ್ರಿವೇಣಿ, 1989ರಿಂದ ಕುಂಭಮೇಳದ ಕ್ಷೇತ್ರ. ಇಬ್ಬರ ನಡುವೆ ಅಡ್ಜಸ್ಟ್ ಎಂಬುದು ಅಂಥದೇ ಮೂರನೆಯ ನೀರು; ಕಂಡವರಿಲ್ಲ, ಮುಳುಗಿ ಎದ್ದವರು ಬೇಕಾದಷ್ಟು. ದಡದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯಿದೆ. ಕಾಶಿಗಿಂತ ಈ ಕ್ಷೇತ್ರ ಗುಲಗಂಜಿ ತೂಕ ಹೆಚ್ಚೆಂಬುದು ನಂಬಿಕೆ. ಕಾಂಪ್ರಮೈಸ್ ಆದ ಇಬ್ಬರೂ ತಂತಮ್ಮ ತಟ್ಟೆಯೇ ಗುಲಗಂಜಿಯಷ್ಟು ತೂಗಿತೆಂದುಕೊಂಡು ಮನೆಗೆ ಹೋಗುತ್ತಾರೆ. ಬದು ಇದ್ದಲ್ಲೇ ಇರುತ್ತದೆ, ಮುಂದಿನ ಉಳುಮೆಯವರೆಗೆ.