ನಿನಗೇನು ಬರುತ್ತೆ?

ಅಕ್ಕನ ಮಗ ಕೆಲಸ ಹುಡುಕಿಕೊಂಡು ಸಾಗರದಿಂದ ಬೆಂಗಳೂರಿನ ನಮ್ಮ ಮನೆಗೆ ಬಂದಿಳಿದಾಗ ಕೈಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಅಕ್ಕ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಮತ್ತು ಹಲಸಿನ ಹಪ್ಪಳ. ಇನ್ನೊಂದರಲ್ಲಿ ಬಿ.ಕಾಂ. ಅಂಕಪಟ್ಟಿ ಮತ್ತು ನಾಲ್ಕು ಪುಟದ ರೆಸ್ಯೂಮೆ. ಮೊದಲ ಚೀಲದ ಬಗ್ಗೆ ಮನೆಯಲ್ಲಿ ಯಾರಿಗೂ ತಕರಾರಿರಲಿಲ್ಲ. ಎರಡನೆಯದನ್ನು ಊಟವಾದ ಮೇಲೆ ಕನ್ನಡಕ ಹಾಕಿಕೊಂಡು ಬಿಚ್ಚಿದೆ.

ಹುಡುಗ ‘ಹಾರ್ಡ್ ವರ್ಕಿಂಗ್’ ಅಂತೆ, ‘ಡೈನಮಿಕ್’ ಅಂತೆ, ‘ಟೀಮ್ ಪ್ಲೇಯರ್’ ಅಂತೆ. ಕುಡಿದ ಕಾಫಿ ಲೋಟ ಇನ್ನೂ ಅವನ ಮುಂದೆಯೇ ಇತ್ತು. ಹವ್ಯಾಸಗಳು: ಓದು, ಕ್ರಿಕೆಟ್, ಸಂಗೀತ ಕೇಳುವುದು. ಕೊನೆಗೆ, ಮೇಲೆ ಹೇಳಿದ್ದೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯ ಎಂಬ ಪ್ರಮಾಣವಚನ, ಸ್ಥಳ, ಖಾಲಿ ಬಿಟ್ಟ ದಿನಾಂಕ.

“ಇದರಲ್ಲಿ ನೀನೆಲ್ಲಿದ್ದೀಯೋ?” ಅಂದೆ.

“ಫೋಟೋ ಇದೆಯಲ್ಲ ಮಾವ, ಮೇಲ್ಗಡೆ ಬಲಕ್ಕೆ” ಅಂದ.

ನಗು ಬಂತು. ಆದರೆ ನಗುವ ಹಕ್ಕು ನನಗಿರಲಿಲ್ಲ. 1984ರಲ್ಲಿ ನಾನೂ ಇಂಥದೇ ಒಂದು ಕಾಗದ ಮಾಡಿಸಿದ್ದೆ. ಆಗ ಅದಕ್ಕೆ ಬಯೋಡೇಟಾ ಎಂದು ಹೆಸರು. ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ, ರೆಮಿಂಗ್ಟನ್ ಮಶೀನಿನ ಮೇಲೆ, ಕಾರ್ಬನ್ ಇಟ್ಟು ನಾಲ್ಕು ಪ್ರತಿ. ಮೊದಲನೆಯದು ದೊಡ್ಡ ಕಂಪನಿಗೆ. ಅಕ್ಷರಗಳು ಮಂಜಿನಲ್ಲಿ ನಿಂತಂತೆ ಕಾಣುವ ನಾಲ್ಕನೆಯದು ಸಣ್ಣ ಕಂಪನಿಗೆ. ಅಂಕಪಟ್ಟಿಯ ನಕಲಿಗೆ ಪತ್ರಾಂಕಿತ ಅಧಿಕಾರಿಯ ಸಹಿ, ಮೊಹರು ಬೇರೆ ಬೇಕು. ನಮ್ಮ ನಕಲಿಗೆ ನಾವೇ ಸಹಿ ಹಾಕಿಕೊಂಡರೆ ಸಾಕೆಂಬ ನಂಬಿಕೆ ಸರ್ಕಾರಕ್ಕೆ ಬಂದದ್ದು 2014ರ ಹೊತ್ತಿಗೆ. ಅಷ್ಟರಲ್ಲಿ ನನ್ನ ಕೂದಲು ಬೆಳ್ಳಗಾಗಿತ್ತು.

ಊರಲ್ಲಿ ಪತ್ರಾಂಕಿತರು ಮೂವರು. ತಹಶೀಲ್ದಾರರು ಕೈಗೆ ಸಿಗುವವರಲ್ಲ. ಪ್ರಾಂಶುಪಾಲರಿಗೆ ನನ್ನ ಹಾಜರಿ ನೆನಪಿತ್ತು. ಉಳಿದವರು ಪಶುವೈದ್ಯರು. ನಾನು ಹೋದಾಗ ಅವರ ಬಲಗೈ ಭುಜದವರೆಗೂ ಒಂದು ಹಸುವಿನ ಸೇವೆಯಲ್ಲಿತ್ತು. ತಲೆ ತಿರುಗಿಸಿ, “ಏನು ಬರುತ್ತೆ ನಿನಗೆ?” ಎಂದರು.

“ಬಿ.ಕಾಂ. ಆಗಿದೆ ಸಾರ್.”

“ಅದು ಕಾಗದದಲ್ಲಿದೆ. ನಿನಗೇನು ಬರುತ್ತೆ?”

ನನ್ನ ಬಾಯಿಂದ ಮಾತು ಹೊರಡಲಿಲ್ಲ. “ಸರಿ, ಈ ಹಗ್ಗ ಹಿಡ್ಕೋ” ಎಂದರು. ಹಿಡಿದೆ. ಹಸು ಒದ್ದಿತು, ಬಿಡಲಿಲ್ಲ. ಇನ್ನೊಮ್ಮೆ ಒದ್ದಿತು, ಕೊಸರಾಡಿತು, ಬಿಡಲಿಲ್ಲ. ಕಾಲು ಗಂಟೆಯ ನಂತರ ಕೈ ತೊಳೆದು ನಾಲ್ಕೂ ನಕಲಿಗೆ ಮೊಹರೊತ್ತಿದರು. ಅಂಕಪಟ್ಟಿಯನ್ನೂ ನನ್ನ ಮುಖವನ್ನೂ ಒಮ್ಮೆ ಹೋಲಿಸಿ ನೋಡಿದರು. ಹಲ್ಲು ಎಣಿಸಲಿಲ್ಲ, ಅಷ್ಟೆ.

ಉದ್ಯೋಗ ವಿನಿಮಯ ಕೇಂದ್ರದಲ್ಲೂ ಹೆಸರು ಬರೆಸಿದ್ದೆ. 1945ರಲ್ಲಿ ಈ ವ್ಯವಸ್ಥೆ ಶುರುವಾದದ್ದು ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ ಕೆಲಸ ಕೊಡಿಸಲು. ಯುದ್ಧಕ್ಕೂ ಹೋಗದ, ಮುಗಿಸಿಯೂ ಬರದ ನನ್ನಂಥವರ ಸರದಿ ಆಮೇಲೆ ಬಂತು. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕಾದ ಆ ಕಾರ್ಡನ್ನು ಅಮ್ಮ ದೇವರ ಪಟದ ಹಿಂದೆ ಇಟ್ಟಿದ್ದಳು. ಎರಡೂ ಕಡೆಗೆ ಒಂದೇ ಊದುಬತ್ತಿ ಸಾಕಾಗುತ್ತಿತ್ತು.

ಈಗ ರೆಸ್ಯೂಮೆಯನ್ನು ಎಷ್ಟೋ ಕಂಪನಿಗಳಲ್ಲಿ ಮೊದಲು ಓದುವುದು ಮನುಷ್ಯರಲ್ಲ, ಸಾಫ್ಟ್‌ವೇರು. ಎರಡು ಕಾಲಂ, ಬಣ್ಣದ ಪೆಟ್ಟಿಗೆ, ಚಿತ್ರವಿಚಿತ್ರ ಗೆರೆ ಕಂಡರೆ ಅದಕ್ಕೆ ಕಣ್ಣು ಕತ್ತಲೆ. ಜಾಹೀರಾತಿನಲ್ಲಿ ‘ಟ್ಯಾಲಿ’, ‘ಜಿಎಸ್‌ಟಿ ರಿಟರ್ನ್’ ಎಂದಿದ್ದರೆ ನಮ್ಮಲ್ಲೂ ಅವೇ ಪದಗಳಿರಬೇಕು. ಬರುತ್ತಿದ್ದರೆ ಮಾತ್ರ. ಇದನ್ನೆಲ್ಲ ನನಗೆ ಕಲಿಸಿದವನು ಅಳಿಯನೇ. ನಾನು ಅವನಿಗೆ ಕಲಿಸಿದ್ದು ಒಂದೇ: ‘ರಾಕಿಂಗ್’ ಎಂದು ಶುರುವಾಗಿ ಮೂರು ಅಡಿಗೆರೆ ಎಳೆದುಕೊಂಡು ಹೋಗುವ ಇಮೇಲ್ ವಿಳಾಸ ತೆಗೆದು, ಅಪ್ಪ ಅಮ್ಮ ಇಟ್ಟ ಹೆಸರು ಹಾಕುವುದು.

ರೆಸ್ಯೂಮೆಗಳ ಮೂಲಪುರುಷ ಎಂದು ಹಲವರು ತೋರಿಸುವುದು ಲಿಯೊನಾರ್ಡೊ ಡ ವಿಂಚಿಯನ್ನು. 1482ರ ಸುಮಾರಿಗೆ, ಮೂವತ್ತರ ಪ್ರಾಯದಲ್ಲಿ, ಮಿಲಾನಿನ ದೊರೆ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಬೇಡಿ ಅವನೊಂದು ಪತ್ರ ಸಿದ್ಧಪಡಿಸಿದ್ದ. ಹಗುರಾದ, ಹೊತ್ತೊಯ್ಯಬಹುದಾದ ಸೇತುವೆ ಕಟ್ಟಬಲ್ಲೆ, ಫಿರಂಗಿ ಮಾಡಬಲ್ಲೆ, ಮುಚ್ಚಿದ ರಥ ಮಾಡಬಲ್ಲೆ ಎಂದು ಒಂದೊಂದಾಗಿ ಬರೆದು, ಚಿತ್ರವನ್ನೂ ಬರೆಯಬಲ್ಲೆ ಎಂಬ ಮಾತನ್ನು ಕೊನೆಗಿಟ್ಟ. ದೊರೆಗಿದ್ದದ್ದು ಯುದ್ಧದ ತಲೆನೋವು. ಅವನಿಗೆ ಬೇಕಾದದ್ದು ಮೊದಲು, ತನಗೆ ಪ್ರಿಯವಾದದ್ದು ಕೊನೆಗೆ. ‘ಡೈನಮಿಕ್’ ಎಂಬ ಪದ ಇಲ್ಲದೆಯೂ ಅವನಿಗೆ ಆ ಆಸ್ಥಾನದಲ್ಲಿ ಜಾಗ ಸಿಕ್ಕಿತು.

“ಅವ್ನಿಗೆ ಫಿರಂಗಿ ಬರ್ತಿತ್ತು ಮಾವ. ನನಗೇನು ಬರುತ್ತೆ?” ಅಂದ ಅಳಿಯ. ನಲವತ್ತು ಚಿಲ್ಲರೆ ವರ್ಷದ ಹಿಂದಿನ ಹಸು ಎಲ್ಲೋ ಕೆಮ್ಮಿದಂತಾಯಿತು.

ಅವನ ತಪ್ಪಲ್ಲ. ನಮ್ಮ ಕಡೆ ನೀನು ಯಾರೆಂದು ಕೇಳಿದರೆ ಅಪ್ಪನ ಹೆಸರು ಹೇಳುತ್ತೇವೆ, ಆಮೇಲೆ ಊರು, ಆಮೇಲೆ ಮನೆತನ. ನಮ್ಮ ಸರದಿ ಬರುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ತನ್ನನ್ನು ತಾನೇ ಹೊಗಳಿಕೊಳ್ಳಬಾರದು ಎಂದು ಇಪ್ಪತ್ತೆರಡು ವರ್ಷ ಬೆಳೆಸಿ, ಒಂದು ಬೆಳಿಗ್ಗೆ ಏಕಾಏಕಿ “ನಿಮ್ಮ ಬಗ್ಗೆ ಹೇಳಿ” ಎಂದರೆ ಮಕ್ಕಳಾದರೂ ಏನು ಮಾಡಬೇಕು?

ಹಪ್ಪಳ ಕರಿಯುತ್ತಿದ್ದ ನನ್ನ ಹೆಂಡತಿ ಒಳಗಿಂದಲೇ ಕೇಳಿದಳು: “ಎರಡು ವರ್ಷ ಅಡಿಕೆ ಸುಗ್ಗೀಲಿ ಮಂಡಿಗೆ ಹೋಗ್ತಿದ್ದಿಯಲ್ಲೋ, ಅಲ್ಲೇನು ಮಾಡ್ತಿದ್ದೆ?”

“ಅದೇನು ಕೆಲ್ಸ ಅತ್ತೆ, ಲೆಕ್ಕ ಬರೀತಿದ್ದೆ ಅಷ್ಟೆ. ಒಂದಿನ ಮಾತ್ರ 63 ರೂಪಾಯಿ ತಾಳೆ ಆಗದೆ ರಾತ್ರಿ ಆಗೋಯ್ತು.”

ವಿಷಯ ಇಷ್ಟು. ಸಂಜೆ ಕಿರ್ದಿಗೂ ಗಲ್ಲಾಪೆಟ್ಟಿಗೆಯ ದುಡ್ಡಿಗೂ 63 ರೂಪಾಯಿ ವ್ಯತ್ಯಾಸ. ಮಂಡಿಯವರು ಹೋಗಲಿ ಬಿಡು ಎಂದರು. ಇವನಿಗೆ ಬಿಡಲು ಮನಸ್ಸಾಗಲಿಲ್ಲ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿಗಳು ಹಿಂದುಮುಂದಾಗಿರುವ ಸಂಭವ ಹೆಚ್ಚು. ಇದು ಲೆಕ್ಕಿಗರಿಗೆ ಗೊತ್ತಿರುವ ಹಳೆಯ ಗುಟ್ಟು. ಕಾಲೇಜಿನಲ್ಲಿ ಕೇಳಿದ್ದು ಇವನಿಗೆ ನೆನಪಾಯಿತು. ಒಂಬತ್ತೇಳಲಿ ಅರವತ್ತಮೂರು. ಚೀಟಿಗಳನ್ನೆಲ್ಲ ಮತ್ತೆ ಹರಡಿ, ಎರಡಂಕಿಯವನ್ನು ಮಾತ್ರ ಬೇರೆ ಮಾಡಿ ನೋಡುತ್ತ ಹೋದ. ಅಡಿಕೆ ಚೀಲ ಇಳಿಸಿದ ಹಮಾಲಿ ಕೂಲಿ: ಚೀಟಿಯಲ್ಲಿ 81, ಕಿರ್ದಿಯಲ್ಲಿ 18.

ನಾನು ಕನ್ನಡಕ ತೆಗೆದೆ. “ಇದು ಈ ನಾಲ್ಕು ಪುಟದಲ್ಲಿ ಎಲ್ಲಿದೆ?”

“ಇದನ್ನೂ ಬರೀಬೇಕಾ?”

ಆ ರಾತ್ರಿ ನಾಲ್ಕು ಪುಟ ಒಂದಾಯಿತು. ಟೀಮ್ ಪ್ಲೇಯರ್ ಹೋದ, ಹಮಾಲಿ ಬಂದ. ಆಮೇಲೆ ಹೇಳುವುದನ್ನು ಅಭ್ಯಾಸ ಮಾಡಿಸಿದೆ. ಹರಿಕಥೆ ದಾಸರನ್ನು ನೋಡು, ಪೀಠಿಕೆಯಲ್ಲಿ ಊರು ಕೇರಿ ಎರಡೇ ಮಾತು; ಆಮೇಲೆ ಬಂದ ಸಂಕಟ, ನಾಯಕ ಮಾಡಿದ್ದು, ಕೊನೆಗೆ ಮಂಗಳ. ಎರಡು ನಿಮಿಷ ಮೀರಿದರೆ ಎದುರಿನವರು ಗಡಿಯಾರ ನೋಡುತ್ತಾರೆ. ಮೊದಲ ಸಲ ಹೇಳಿದಾಗ ಅವನ ಪೀಠಿಕೆಯೇ ಏಳು ನಿಮಿಷ ಹಿಡಿಯಿತು; ಅದರಲ್ಲಿ ನಮ್ಮಜ್ಜನೂ ಬಂದು ಹೋದ. ನಾಲ್ಕನೆಯ ಸಲಕ್ಕೆ ಹಾದಿಗೆ ಬಂದ.

ಹದಿನೈದು ದಿನ ಜಾಲತಾಣಗಳಲ್ಲಿ ಅರ್ಜಿ ಹಾಕಿದ. ಉತ್ತರ ಬಂದದ್ದು ಒಂದು ಕಡೆಯಿಂದ: ಕೆಲಸ ಖಾತ್ರಿ, ನೋಂದಣಿಗೆ ಎರಡು ಸಾವಿರ ಕಳಿಸಿ. ಸಂಬಳ ಕೊಡಬೇಕಾದವರೇ ದುಡ್ಡು ಕೇಳಿದರೆ ಅದು ಕೆಲಸವಲ್ಲ, ನಾಮ. ಅಳಿಸಿಹಾಕಿದ.

ಕೆಲಸ ಬಂದದ್ದು ಇಸ್ತ್ರಿ ಗಾಡಿಯ ಮೇಲೆ. ಸಂದರ್ಶನಕ್ಕೆಂದು ಇಟ್ಟ ಒಂದೇ ಬಿಳಿ ಅಂಗಿಯನ್ನು ಅವನು ನಮ್ಮ ಬೀದಿ ತುದಿಯ ಇಸ್ತ್ರಿಯವರಿಗೆ ಕೊಟ್ಟಾಗ, ಅವರು ಏನು ಸಮಾಚಾರ ಎಂದರು. ಇವನು ಲೆಕ್ಕ ಬರೆಯೋ ಕೆಲಸ ಹುಡುಕ್ತಿದೀನಿ ಎಂದ. “ಎರಡನೇ ಕ್ರಾಸಿನ ಆಡಿಟರ್ ಸಾಹೇಬ್ರು ಹುಡುಗ ಬೇಕು ಅಂತಿದ್ರಲ್ಲ” ಎಂದರಂತೆ ಅವರು. ಆ ಕ್ರಾಸಿನಲ್ಲಿ ನಾನು ಇಪ್ಪತ್ತು ವರ್ಷದಿಂದ ವಾಕಿಂಗ್ ಹೋಗುತ್ತಿದ್ದೇನೆ.

ಇದರ ಮರ್ಮವನ್ನು ಮಾರ್ಕ್ ಗ್ರಾನೊವೆಟ್ಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲೇ ಬರೆದಿಟ್ಟಿದ್ದಾರೆ. ಬಾಸ್ಟನ್ ಪಕ್ಕದ ಊರೊಂದರಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ಅವರು ವಿಚಾರಿಸಿದರು. ಸುದ್ದಿ ಕೊಟ್ಟವರನ್ನು ಪದೇಪದೇ ಭೇಟಿಯಾಗುತ್ತಿದ್ದವರು ನೂರಕ್ಕೆ 17 ಮಂದಿಯಷ್ಟೆ. ಆಗೀಗ ಕಾಣುತ್ತಿದ್ದವರು ಸುಮಾರು 56, ಅಪರೂಪಕ್ಕೆ ಕಾಣುತ್ತಿದ್ದವರು 28. ಮನೆಯವರಿಗೆ, ಗೆಳೆಯರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ಬೀದಿಯಲ್ಲಿ ಓಡಾಡುವವರಿಂದ. ಇದು ವಶೀಲಿಯಲ್ಲ. ವಶೀಲಿಯವನು ಬಾಗಿಲು ಒದ್ದು ತೆರೆಸುತ್ತಾನೆ, ಇವರು ಬಾಗಿಲು ಎಲ್ಲಿದೆ ಎಂದು ತೋರಿಸುತ್ತಾರೆ.

ನನಗೂ ಆದದ್ದು ಅದೇ. ಪಶುವೈದ್ಯರನ್ನು ಕಂಡು ಮೂರು ವಾರಕ್ಕೆ ಪಶು ಆಹಾರ ಮಾರುವವರೊಬ್ಬರು ಹೇಳಿ ಕಳಿಸಿದರು. ಡಾಕ್ಟರು ಅವರಿಗೆ ನನ್ನ ಅಂಕದ ಬಗ್ಗೆ ಏನೂ ಹೇಳಿರಲಿಲ್ಲ. “ಒಬ್ಬ ಹುಡುಗ ಇದಾನೆ, ಹಗ್ಗ ಬಿಡೋದಿಲ್ಲ” ಎಂದಿದ್ದರಂತೆ. ಅಲ್ಲಿ ಹಿಡಿದ ಲೆಕ್ಕದ ಪುಸ್ತಕವನ್ನು ಊರು, ಅಂಗಡಿ ಬದಲಾಯಿಸುತ್ತ ನಿವೃತ್ತಿಯವರೆಗೂ ಹಿಡಿದೆ.

ಆಡಿಟರು ಅಳಿಯನ ಕಾಗದ ಓದಿ, 63ರ ಕಥೆ ಕೇಳಿ, ಪೆನ್ನು ಕೆಳಗಿಟ್ಟರಂತೆ. “ಮಂಡಿಯವ್ರು ಏನಂದ್ರು?”

“ಕಾಫಿ ಕುಡ್ಸಿದ್ರು ಸರ್.”

ಕೆಲಸ ಸಿಕ್ಕಿತು. ಸಿಟಿಸಿ, ಅಂದರೆ ಮಾಲೀಕರಿಗೆ ತಗಲುವ ಒಟ್ಟು ವೆಚ್ಚ, ಎಷ್ಟೆಂಬುದನ್ನು ಫೋನಿನಲ್ಲಿ ಉತ್ಸಾಹದಿಂದ ಅಕ್ಕನಿಗೆ ಹೇಳಿದ. “ಕೈಗೆಷ್ಟು?” ಎಂದಳು ಅಕ್ಕ. ಮೂಲ ವೇತನದಲ್ಲಿ ಶೇ. 12 ಪಿಎಫ್‌ಗೆ ಹೋಗುತ್ತದೆ, ಮಾಲೀಕರ ಪಾಲು, ಗ್ರಾಚ್ಯುಟಿ ಎಲ್ಲ ಆ ದೊಡ್ಡ ಅಂಕಿಯೊಳಗೇ ಸೇರಿರುತ್ತದೆ ಎಂದು ವಿವರಿಸಿದ. ಒಪ್ಪಿಗೆಗೆ ಮೊದಲು ಎಲ್ಲರೂ ಕೇಳಬೇಕಾದ ಪ್ರಶ್ನೆಯನ್ನು ನಮ್ಮ ವಂಶದಲ್ಲಿ ಕೇಳಿದವಳು ಏಳನೇ ಕ್ಲಾಸು ಓದಿದ ಅಕ್ಕ ಒಬ್ಬಳೇ.

ಮೊನ್ನೆ ಬಟ್ಟೆ ತರಲು ಹೋದಾಗ ಇಸ್ತ್ರಿಯವರು, “ಸಾರ್, ನಿಮ್ಮ ಹುಡುಗನ ಆಫೀಸಲ್ಲಿ ಇನ್ನೊಂದು ಜಾಗ ಇದೆಯಾ? ನಮ್ಮ ಹುಡುಗಿ ಡಿಗ್ರಿ ಮುಗಿಸಿದಾಳೆ” ಎಂದರು.

ನನ್ನ ಬಾಯಿ ತಾನಾಗಿಯೇ ಕೇಳಿತು: “ಏನು ಬರುತ್ತೆ ಅವಳಿಗೆ?”

“ಲೆಕ್ಕ ಬರುತ್ತೆ ಸಾರ್” ಎಂದವರು ಕೆಂಡದ ಪೆಟ್ಟಿಗೆ ಪಕ್ಕಕ್ಕಿಟ್ಟು, ಬಟ್ಟೆಗಂಟಿನ ಅಡಿಯಿಂದ ಒಂದು ನೋಟ್‌ಬುಕ್ ಎಳೆದರು. “ಈ ಗಾಡೀದೆಲ್ಲ ಅವಳೇ ಬರೆಯೋದು.” ನಮ್ಮ ಮನೆಯ ಪುಟ ತೆರೆದರು. ಬಾಕಿ 36 ರೂಪಾಯಿ.

36. ಒಂಬತ್ತರಿಂದ ಭಾಗವಾಗುತ್ತದೆ, ಎಲ್ಲೋ ಅಂಕಿ ಹಿಂದುಮುಂದಾಗಿರಬೇಕು ಎಂದೆ. ಅವರು ಮಾತಾಡದೆ ಸಾಲಿನ ಮೇಲೆ ಬೆರಳಿಟ್ಟರು. ದುಂಡು ಅಕ್ಷರದಲ್ಲಿ, ತಾರೀಖು ಸಮೇತ: ಪ್ಯಾಂಟು ಮೂರು, ತಲಾ 12.

ಕೊಟ್ಟೆ. ನೋಟ್‌ಬುಕ್ಕಿನ ಆ ಪುಟದ ಫೋಟೋ ತೆಗೆದು ಅಳಿಯನಿಗೆ ಕಳಿಸಿದೆ.